ಪತ್ರಿಕೋದ್ಯಮದ ಎಂ.ಎ.ಗೆ ಹೊರಟವರಿಗೆ ಒಂದು ಬುತ್ತಿ

ಪದವಿಯ ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿದ ವಾರದಿಂದ ನನ್ನ ಫೋನಿಗೆ ಒಂದೇ ಬಗೆಯ ಕರೆಗಳು ಬರತೊಡಗುತ್ತವೆ. "ಮೇಡಂ, ಜರ್ನಲಿಸಂನಲ್ಲಿ ಎಂ.ಎ. ಮಾಡಲೇ? ಮಾಡಿದರೆ ಎಲ್ಲಿ ಮಾಡಲಿ?" ಹಿರೇಕೆರೂರು ತಾಲ್ಲೂಕಿನ ಹಳ್ಳಿಯೊಂದರಿಂದ, ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ, ಇದೇ ಪ್ರಶ್ನೆ ಹೊತ್ತು ನಾನೂ ನನ್ನ ಮೇಷ್ಟರ ಮನೆಗೆ ಹೋಗಿದ್ದೆ. ಆಮೇಲೆ ಎರಡು ವರ್ಷ ಎಂ.ಎ., ನಾಲ್ಕು ವರ್ಷ ಒಂದು ದಿನಪತ್ರಿಕೆಯಲ್ಲಿ ಸುದ್ದಿ ಆರಿಸಿ ತಿದ್ದುವ ಡೆಸ್ಕ್, ಐದು ವರ್ಷ ಪಿಎಚ್.ಡಿ., ಈಗ ಪಾಠ. ಫೋನಿನಲ್ಲಿ ಹತ್ತು ನಿಮಿಷಕ್ಕೆ ಮುಗಿಯುವ ಮಾತಲ್ಲವಾದ್ದರಿಂದ ಬರೆದಿಡುತ್ತಿದ್ದೇನೆ.

"ಎಲ್ಲಿ" ಎಂಬುದನ್ನು ಸ್ವಲ್ಪ ಬದಿಗಿಡಿ. ಮೊದಲು "ಏನನ್ನು ತಿಳಿಯಲಿಕ್ಕೆ" ಎಂಬುದು ನಿಮಗೆ ಸ್ಪಷ್ಟವಾಗಬೇಕು. ವರದಿಗಾರರಾಗಬೇಕು, ಆದಷ್ಟು ಬೇಗ ಕೆಲಸಕ್ಕೆ ಸೇರಬೇಕು ಎಂಬುದಷ್ಟೇ ನಿಮ್ಮ ಆಸೆಯಾದರೆ ಒಂದು ವರ್ಷದ ಡಿಪ್ಲೊಮಾ ಅಥವಾ ಪತ್ರಿಕೆಯೊಂದರಲ್ಲಿ ನೇರ ತರಬೇತಿ ಸಾಕಾಗಬಹುದು. ಎಂ.ಎ. ಎರಡು ವರ್ಷದ್ದು, ನಾಲ್ಕು ಸೆಮಿಸ್ಟರ್‌ಗಳದ್ದು. ಅದರಲ್ಲಿ ಸುದ್ದಿ ಬರೆಯುವ ಕಸುಬು ಅರ್ಧ. ಉಳಿದರ್ಧ, ಸುದ್ದಿ ಹೇಗೆ ಹುಟ್ಟುತ್ತದೆ, ಯಾರ ಬಾಯಿಂದ ಯಾರ ಕಿವಿಗೆ ಹೋಗುತ್ತದೆ, ಹೋದ ಮೇಲೆ ಜನ ಅದನ್ನು ಏನು ಮಾಡುತ್ತಾರೆ ಎಂಬ ಅಧ್ಯಯನ. ಈ ಎರಡನೆಯ ಭಾಗವೇ ಸಂವಹನ ಶಾಸ್ತ್ರ. ಇದರ ಹಸಿವು ಇಲ್ಲದೆ ಹೋದವರು ಮೂರನೆಯ ಸೆಮಿಸ್ಟರ್ ಹೊತ್ತಿಗೆ ದಣಿಯುವುದನ್ನು ನಾನು ಪ್ರತಿ ವರ್ಷವೂ ನೋಡುತ್ತೇನೆ.

ಹಸಿವು ಇದೆಯೋ ಇಲ್ಲವೋ ಎಂದು ನೋಡಿಕೊಳ್ಳಲು ಒಂದು ದಾರಿ ಇದೆ. ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಎರಡು ವಾರ ಪ್ರತಿ ರಾತ್ರಿ, ಆ ದಿನ ನಿಮ್ಮ ಮನೆಗೆ ಅಥವಾ ಓಣಿಗೆ ಬಂದ ಒಂದು ಸುದ್ದಿಯ ಜಾಡನ್ನು ಬರೆಯಿರಿ. ರೇಷನ್ ಅಂಗಡಿ ನಾಳೆ ತೆರೆಯುತ್ತದೆ ಎಂಬುದು ಅಮ್ಮನಿಗೆ ಹೇಗೆ ಗೊತ್ತಾಯಿತು? ರಾಣೆಬೆನ್ನೂರು ಮಾರುಕಟ್ಟೆಯ ಇವತ್ತಿನ ದರ ಅಪ್ಪನಿಗೆ ಯಾರು ಹೇಳಿದರು? ಅದು ಪತ್ರಿಕೆಯಲ್ಲಿ ಬಂದದ್ದೋ, ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದೋ, ಬಸ್‌ನಲ್ಲಿ ಪಕ್ಕ ಕುಳಿತವರು ಹೇಳಿದ್ದೋ? ಅಪ್ಪ ಯಾವುದನ್ನು ನಂಬಿದರು, ಯಾವುದನ್ನು ನಂಬಲಿಲ್ಲ? ಹದಿನಾಲ್ಕು ದಿನ ಬರೆದ ಮೇಲೂ ಬರೆಯಬೇಕು ಅನ್ನಿಸಿದರೆ ಅರ್ಜಿ ಹಾಕಿ. ಆ ನೋಟ್‌ಬುಕ್ಕನ್ನು ಕಳೆದುಕೊಳ್ಳಬೇಡಿ, ಮುಂದೆ ಬೇಕಾಗುತ್ತದೆ.

ನನ್ನದೇ ಅನುಭವ ಹೇಳುತ್ತೇನೆ. ನಮ್ಮದು ಗೋವಿನಜೋಳದ ಊರು. ಪಕ್ಕದ ಹೊಲದ ಕಾಕಾ ಹೈಬ್ರಿಡ್ ಬೀಜ ಬಿತ್ತಿದ ವರ್ಷ ಅಪ್ಪ ಬಿತ್ತಲಿಲ್ಲ. ಕೃಷಿ ಇಲಾಖೆಯವರು ಬಂದು ಹೇಳಿ ಹೋಗಿದ್ದರು, ರೇಡಿಯೊದಲ್ಲೂ ಕೇಳಿದ್ದರು, ಬೀಜದ ಅಂಗಡಿಯವರು ಕರೆದು ಕೂರಿಸಿ ಹೇಳಿದ್ದರು. ಅಪ್ಪ ಮಾತ್ರ ಬದುವಿನ ಮೇಲೆ ನಿಂತು ಇಡೀ ಮಳೆಗಾಲ ಕಾಕಾನ ಹೊಲವನ್ನೇ ನೋಡಿದರು. ಮರುವರ್ಷ ಬಿತ್ತಿದರು. ಎಂ.ಎ. ಮೊದಲ ಸೆಮಿಸ್ಟರ್‌ನಲ್ಲಿ ಎವೆರೆಟ್ ರೋಜರ್ಸ್ ಅವರ ಸಿದ್ಧಾಂತದ ಪಾಠ ಬಂದಾಗ ನನಗೆ ಮೈ ಜುಮ್ಮೆಂದಿತು. ಹೊಸತೊಂದು ಸಮುದಾಯದೊಳಗೆ ಹೇಗೆ ಹಬ್ಬುತ್ತದೆ ಎಂಬ ಆ ಸಿದ್ಧಾಂತವನ್ನು ಅವರು 1962ರಲ್ಲಿ ಪುಸ್ತಕವಾಗಿ ತಂದರು. ಅದರ ಬೇರು ಇರುವುದು ಅಮೆರಿಕದ ಅಯೋವಾ ರಾಜ್ಯದ ಗೋವಿನಜೋಳದ ಹೊಲಗಳಲ್ಲಿ. ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಅಲ್ಲಿನ ಎರಡು ಊರುಗಳ ರೈತರನ್ನು ಮಾತನಾಡಿಸಿ 1943ರಲ್ಲಿ ಒಂದು ಲೇಖನ ಪ್ರಕಟಿಸಿದ್ದರು. ರೈತರು ಹೈಬ್ರಿಡ್ ಬೀಜದ ಸುದ್ದಿ ಕೇಳಿದ್ದು ಹೆಚ್ಚಾಗಿ ಬೀಜ ಮಾರುವವರಿಂದ, ಬಿತ್ತಲು ಮನಸ್ಸು ಮಾಡಿದ್ದು ನೆರೆಹೊರೆಯವರನ್ನು ನೋಡಿ. ರೋಜರ್ಸ್ ಕೂಡ ಅಯೋವಾದ ರೈತನ ಮಗ. ಅವರ ತಂದೆಯೂ ವರ್ಷಗಟ್ಟಲೆ ಹೈಬ್ರಿಡ್ ಬೀಜ ಬೇಡವೆಂದವರು. 1936ರ ಬರದಲ್ಲಿ ತಮ್ಮ ಬೆಳೆ ಒಣಗಿ, ಪಕ್ಕದವರ ಹೈಬ್ರಿಡ್ ಬೆಳೆ ನಿಂತದ್ದನ್ನು ಕಂಡ ಮೇಲೆ ಒಪ್ಪಿದರು.

ಆ ದಿನ ಹಾಸ್ಟೆಲ್ಲಿನಿಂದ ಅಪ್ಪನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ಬೀಜ ಹಾಕುವವರೆಲ್ಲ ಒಂದೇ" ಎಂದರು. ಸಿದ್ಧಾಂತ ಎಂದರೆ ಇಂಗ್ಲಿಷಿನಲ್ಲಿರುವ, ದೂರ ದೇಶದ, ನಮ್ಮದಲ್ಲದ ಏನೋ ಒಂದು ಎಂಬ ಅಳುಕು ನನ್ನಲ್ಲಿ ಹೋದದ್ದು ಅವತ್ತು. ಕನ್ನಡ ಮಾಧ್ಯಮದಿಂದ ಬರುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ. ನಿಮ್ಮ ಊರಿನಿಂದ ಒಂದು ಪ್ರಶ್ನೆ ಕಟ್ಟಿಕೊಂಡು ಹೋಗಿ. ಪಾಠ ಅದಕ್ಕೆ ಅಂಟಿಕೊಳ್ಳುತ್ತದೆ.

ವಿಭಾಗವನ್ನು ಆರಿಸುವುದು

ಕರ್ನಾಟಕದಲ್ಲಿ ಪತ್ರಿಕೋದ್ಯಮ ಪಾಠ ಹೊಸದೇನಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲೇ ಪದವಿ ಮಟ್ಟದಲ್ಲಿ ಶುರುವಾಗಿತ್ತು, ನಾಡಿಗ ಕೃಷ್ಣಮೂರ್ತಿಯವರ ಹೆಸರು ಅದರೊಂದಿಗೆ ಸೇರಿಕೊಂಡಿದೆ. ಈಗ ಮೈಸೂರಿನ ಮಾನಸಗಂಗೋತ್ರಿ, ಧಾರವಾಡ, ಕೊಣಾಜೆಯ ಮಂಗಳಗಂಗೋತ್ರಿ, ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟ, ಕಲಬುರಗಿ, ತುಮಕೂರು, ದಾವಣಗೆರೆ, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ, ಹೀಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲೇ ಸಾಕಷ್ಟು ವಿಭಾಗಗಳಿವೆ. ಉಜಿರೆ, ಮೂಡುಬಿದಿರೆ, ಮಣಿಪಾಲ, ಬೆಂಗಳೂರಿನ ಖಾಸಗಿ ಸಂಸ್ಥೆಗಳಲ್ಲೂ ಇದೆ. ಕೆಲಸದಲ್ಲಿದ್ದುಕೊಂಡೇ ಓದುವವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವಿದೆ. ಪದವಿಯ ಹೆಸರು ಒಂದೊಂದು ಕಡೆ ಒಂದೊಂದು: ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ, ಎಂಸಿಜೆ, ಕಮ್ಯುನಿಕೇಷನ್. ಹೆಸರಿಗೆ ಮರುಳಾಗಬೇಡಿ, ಪಠ್ಯಕ್ರಮವನ್ನು ಇಳಿಸಿಕೊಂಡು ಓದಿ.

ಸಾಧ್ಯವಾದರೆ ಅರ್ಜಿ ಹಾಕುವ ಮುನ್ನ ಒಂದು ದಿನ ಬಸ್ ಹತ್ತಿ ಹೋಗಿ ವಿಭಾಗವನ್ನು ಕಣ್ಣಾರೆ ನೋಡಿ ಬನ್ನಿ. ಕಟ್ಟಡ ನೋಡಬೇಡಿ. ವಿದ್ಯಾರ್ಥಿಗಳು ಹೊರತರುವ ಪ್ರಾಯೋಗಿಕ ಪತ್ರಿಕೆಯ ಹೋದ ವರ್ಷದ ಸಂಚಿಕೆಗಳನ್ನು ಕೇಳಿ. ವರ್ಷಕ್ಕೆ ಎಷ್ಟು ಬಂದಿವೆ, ಅದರಲ್ಲಿ ಊರಿನೊಳಗೆ ಹೋಗಿ ಮಾಡಿದ ವರದಿಗಳಿವೆಯೇ, ಅಥವಾ ಬರೀ ಕ್ಯಾಂಪಸ್ ಸಮಾರಂಭಗಳೇ ತುಂಬಿವೆಯೇ ನೋಡಿ. ಕ್ಯಾಮೆರಾ, ಧ್ವನಿಮುದ್ರಣದ ಕೋಣೆ ಇದ್ದರೆ ಅದರ ಕೀಲಿ ಯಾರ ಬಳಿ ಇರುತ್ತದೆ ಎಂದು ಎರಡನೆಯ ವರ್ಷದವರನ್ನು ವಿಚಾರಿಸಿ. ನಾನು ಓದುವಾಗ ಒಂದು ಒಳ್ಳೆಯ ಕ್ಯಾಮೆರಾ ಬೀರುವಿನಲ್ಲೇ ಇತ್ತು, ಎರಡು ವರ್ಷದಲ್ಲಿ ನನ್ನ ಕೈಗೆ ಬಂದದ್ದು ಒಂದೇ ಮಧ್ಯಾಹ್ನ. ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಬೈಂಡ್ ಮಾಡಿದ ಸಂಪುಟಗಳಿವೆಯೇ ಎಂಬುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಜೊತೆಗೆ, ಪರೀಕ್ಷೆ ಮತ್ತು ಕಿರು ಪ್ರಬಂಧವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ ಎಂದು ಕಚೇರಿಯಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ.

ಪ್ರವೇಶದ ಕೆಲಸ ಸುಲಭ. ರಾಜ್ಯ ವಿಶ್ವವಿದ್ಯಾಲಯಗಳ ಅರ್ಜಿ ಈಗ ಹೆಚ್ಚಾಗಿ ಯುಯುಸಿಎಂಎಸ್ ಜಾಲತಾಣದ ಮೂಲಕ. ಅಧಿಸೂಚನೆಯಲ್ಲಿ ಪದವಿಯ ಅರ್ಹತೆ, ಶೇಕಡಾವಾರು ಅಂಕ, ಮೀಸಲಾತಿ ಪ್ರಮಾಣಪತ್ರದ ಸಾಲುಗಳನ್ನು ಎರಡು ಸಲ ಓದಿ. ಜಾತಿ, ಆದಾಯ ಪ್ರಮಾಣಪತ್ರವನ್ನು ಫಲಿತಾಂಶಕ್ಕೆ ಕಾಯದೆ ಮೊದಲೇ ಮಾಡಿಸಿಕೊಳ್ಳಿ, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿಗೂ ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್ಲಿಗೂ ಅವೇ ಬೇಕು. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆಗೆ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಹೊರಗೆ ಹೋಗುವ ಧೈರ್ಯ, ಅನುಕೂಲ ಎರಡೂ ಇದ್ದರೆ ಖಂಡಿತ ಬರೆಯಿರಿ.

ಮೊದಲ ಆರು ತಿಂಗಳು

ಇಂಗ್ಲಿಷ್ ಪಠ್ಯ ಎದುರಾಗುವುದು ಆಗಲೇ. ಲಾಸ್‌ವೆಲ್, ಶ್ರ್ಯಾಮ್, ಲಜಾರ್ಸ್‌ಫೆಲ್ಡ್ ಎಂಬ ಸಂವಹನ ವಿದ್ವಾಂಸರ ಹೆಸರುಗಳು ಒಂದರ ಹಿಂದೊಂದು ಬರುತ್ತವೆ. ಬಾಯಿಪಾಠ ಮಾಡಬೇಡಿ. ನಾನು ನೋಟ್‌ಬುಕ್ಕಿನ ಪುಟವನ್ನು ಮೂರು ಪಾಲು ಮಾಡುತ್ತಿದ್ದೆ. ಮೊದಲನೆಯದರಲ್ಲಿ ಪಾರಿಭಾಷಿಕ ಪದ, ಎರಡನೆಯದರಲ್ಲಿ ಅಮ್ಮನಿಗೆ ಹೇಳುವಂತೆ ಕನ್ನಡದಲ್ಲಿ ವಿವರಣೆ, ಮೂರನೆಯದರಲ್ಲಿ ನಾನೇ ಕಂಡ ಒಂದು ಉದಾಹರಣೆ. ಮೂರನೆಯ ಪಾಲು ಖಾಲಿ ಉಳಿದರೆ ಆ ಪದ ನನಗೆ ಅರ್ಥವಾಗಿಲ್ಲ ಎಂದೇ ಲೆಕ್ಕ. "ಗೇಟ್‌ಕೀಪಿಂಗ್" (ಯಾವ ಸುದ್ದಿ ಒಳಗೆ, ಯಾವುದು ಹೊರಗೆ ಎಂದು ಆರಿಸುವ ಕೆಲಸ) ಎಂಬುದರ ಮುಂದಿನ ಜಾಗ ಎರಡು ವರ್ಷ ಖಾಲಿಯೇ ಇತ್ತು. ಡೆಸ್ಕಿಗೆ ಸೇರಿದ ಮೇಲೆ, ರಾತ್ರಿ ಹತ್ತರ ಹೊತ್ತಿಗೆ ತಾಲ್ಲೂಕು ವರದಿಗಾರರ ನಲವತ್ತು ಸುದ್ದಿ ಮುಂದಿದ್ದು ಪುಟದಲ್ಲಿ ಹನ್ನೆರಡಕ್ಕೆ ಮಾತ್ರ ಜಾಗವಿದ್ದಾಗ, ಅದನ್ನು ತುಂಬಿದೆ.

ಕೆಲವು ಸಿದ್ಧಾಂತಗಳನ್ನು ನೀವೇ ಮಾಡಿ ನೋಡಬಹುದು. 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಮ್ಯಾಕ್‌ಕೋಂಬ್ಸ್ ಮತ್ತು ಶಾ ಎಂಬ ಇಬ್ಬರು ಸಂಶೋಧಕರು ಚಾಪೆಲ್ ಹಿಲ್ ಎಂಬ ಊರಿನಲ್ಲಿ ಇನ್ನೂ ಯಾರಿಗೆ ಮತ ಎಂದು ತೀರ್ಮಾನಿಸದಿದ್ದ 100 ಮತದಾರರನ್ನು "ಮುಖ್ಯ ಸಮಸ್ಯೆಗಳು ಯಾವುವು" ಎಂದು ಕೇಳಿದರು. ಆ ಉತ್ತರಗಳನ್ನು ಆ ದಿನಗಳ ಪತ್ರಿಕೆ, ಟಿ.ವಿ. ಸುದ್ದಿಯ ಪಕ್ಕದಲ್ಲಿಟ್ಟು ನೋಡಿದರು. ಮಾಧ್ಯಮ ಯಾವುದಕ್ಕೆ ಹೆಚ್ಚು ಜಾಗ ಕೊಟ್ಟಿತ್ತೋ ಜನ ಅದನ್ನೇ ದೊಡ್ಡದೆಂದರು. 1972ರಲ್ಲಿ ಪ್ರಕಟವಾದ ಇದನ್ನೇ ಅಜೆಂಡಾ ಸೆಟ್ಟಿಂಗ್ ಎನ್ನುತ್ತಾರೆ. ನನ್ನ ವಿದ್ಯಾರ್ಥಿಗಳಿಗೆ ನಾನು ಕೊಡುವ ಮೊದಲ ಕೆಲಸ ಇದು: ಒಂದು ವಾರ ಒಂದು ಪತ್ರಿಕೆಯ ಮುಖಪುಟದ ಸುದ್ದಿಗಳನ್ನು ವಿಷಯವಾರು ಎಣಿಸಿ, ಮುಂದಿನ ವಾರ ಚಹಾ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ಇಪ್ಪತ್ತು ಜನರನ್ನು ಕೇಳಿ. ಎರಡು ಪಟ್ಟಿಗಳು ಹೊಂದಿಕೊಳ್ಳದಿದ್ದರೆ ನಿರಾಶರಾಗಬೇಡಿ, ಯಾಕೆ ಹೊಂದಲಿಲ್ಲ ಎಂದು ಬರೆಯಿರಿ. ಹೋದ ಸಲ ಒಬ್ಬ ಹುಡುಗಿಯ ಪಟ್ಟಿಯಲ್ಲಿ ಊರಿನವರು ಹೇಳಿದ ಮೊದಲ ಸಮಸ್ಯೆ ಮಂಗಗಳ ಕಾಟ. ಮುಖಪುಟದಲ್ಲಿ ಅದು ಒಂದು ದಿನವೂ ಇರಲಿಲ್ಲ.

ಕಿರು ಪ್ರಬಂಧ, ಅಂದರೆ ಡಿಸರ್ಟೇಷನ್

ನಾಲ್ಕನೆಯ ಸೆಮಿಸ್ಟರ್‌ನ ಈ ಪ್ರಬಂಧವನ್ನು ಬಹಳ ಜನ ಕೊನೆಯ ಮೂರು ವಾರದಲ್ಲಿ ಹಿಂದಿನವರದ್ದನ್ನು ನೋಡಿಕೊಂಡು ಮುಗಿಸುತ್ತಾರೆ. ಇದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ. ಎರಡು ವರ್ಷದಲ್ಲಿ ನಿಮ್ಮದೇ ಎನ್ನಬಹುದಾದ ಕೆಲಸ ಇದೊಂದೇ. ಮೂರನೆಯ ಸೆಮಿಸ್ಟರ್ ಶುರುವಾಗುವಾಗಲೇ ಆ ಹಳೆಯ ನೋಟ್‌ಬುಕ್ ತೆಗೆಯಿರಿ, ಪ್ರಶ್ನೆ ಅಲ್ಲಿರುತ್ತದೆ. ಪ್ರಶ್ನೆ ಚಿಕ್ಕದಿರಲಿ. "ಗ್ರಾಮೀಣಾಭಿವೃದ್ಧಿಯಲ್ಲಿ ಮಾಧ್ಯಮಗಳ ಪಾತ್ರ" ಎಂಬುದು ಪ್ರಶ್ನೆಯಲ್ಲ, ಭಾಷಣದ ಶೀರ್ಷಿಕೆ. "ಹಾವೇರಿ ಜಿಲ್ಲಾ ಪುಟದಲ್ಲಿ ಕೃಷಿಗೆ ಎಷ್ಟು ಜಾಗ ಸಿಗುತ್ತದೆ, ಆ ಸುದ್ದಿಯನ್ನು ಯಾರು ಕೊಡುತ್ತಾರೆ" ಎಂಬುದು ಪ್ರಶ್ನೆ. ನನ್ನದು ಇದೇ ಆಗಿತ್ತು.

ಮಾಡಿದ ಬಗೆಯನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಪುಸ್ತಕಗಳು ಇದನ್ನು ಇಷ್ಟು ಹತ್ತಿರದಿಂದ ಹೇಳುವುದಿಲ್ಲ. ಒಂದು ವರ್ಷದ ಎಲ್ಲ ಸಂಚಿಕೆಗಳನ್ನು ಅಳೆಯಲು ಒಬ್ಬರಿಂದ ಆಗದು. ಸತತ ಎರಡು ವಾರ ತೆಗೆದುಕೊಂಡರೆ ಆ ವಾರ ಗಣೇಶ ಹಬ್ಬವೋ ಚುನಾವಣೆಯೋ ಬಂದು ಲೆಕ್ಕ ವಾಲುತ್ತದೆ. ಅದಕ್ಕೆ "ರಚಿತ ವಾರ" ಎಂಬ ಉಪಾಯವಿದೆ. ವರ್ಷದ ಎಲ್ಲ ಸೋಮವಾರಗಳ ದಿನಾಂಕಗಳನ್ನು ಚೀಟಿಯಲ್ಲಿ ಬರೆದು, ಸ್ಟೀಲ್ ಡಬ್ಬಿಗೆ ಹಾಕಿ, ಎರಡು ಎತ್ತಿದೆ. ಹಾಗೆಯೇ ಮಂಗಳವಾರ, ಬುಧವಾರ, ಭಾನುವಾರದವರೆಗೆ. ಹದಿನಾಲ್ಕು ಸಂಚಿಕೆಗಳಾದವು. ಎರಡು ಪತ್ರಿಕೆಗಳಿಂದ ಇಪ್ಪತ್ತೆಂಟು. ಹಾಸ್ಟೆಲ್ ಕೋಣೆಯ ನೆಲದ ಮೇಲೆ ಪುಟ ಹಾಸಿ, ಮೂವತ್ತು ಸೆಂಟಿಮೀಟರಿನ ಉಕ್ಕಿನ ಸ್ಕೇಲಿನಿಂದ ಪ್ರತಿ ಸುದ್ದಿಯನ್ನೂ ಅಳೆದೆ. ಮೂರು ಕಾಲಂ ಅಗಲ, ಹನ್ನೆರಡು ಸೆಂಟಿಮೀಟರ್ ಉದ್ದವಾದರೆ ಮೂವತ್ತಾರು ಕಾಲಂ ಸೆಂಟಿಮೀಟರ್. ತಲೆಬರಹ ಸೇರಿಸಬೇಕೇ, ಚಿತ್ರ ಸೇರಿಸಬೇಕೇ ಎಂಬುದನ್ನು ಮೊದಲ ದಿನವೇ ನಿರ್ಧರಿಸಿ ಬರೆದಿಟ್ಟುಕೊಳ್ಳಿ, ನಡುವೆ ಬದಲಿಸಿದರೆ ಎಲ್ಲವನ್ನೂ ಮತ್ತೆ ಅಳೆಯಬೇಕಾಗುತ್ತದೆ.

ಅಳತೆಗಿಂತ ಕಷ್ಟದ್ದು ವಿಂಗಡಣೆ. ಕೃಷಿ, ಅಪರಾಧ, ರಾಜಕೀಯ, ಸಮಾರಂಭ ಎಂದು ವಿಭಾಗ ಮಾಡಿಕೊಂಡು ಒಂದೊಂದು ಸುದ್ದಿಯನ್ನು ಒಂದೊಂದು ಮನೆಯೊಳಗೆ ಹಾಕುತ್ತೀರಿ. ನೀವು ಹಾಕಿದ್ದು ಸರಿಯೇ ಎಂದು ತಿಳಿಯಲು ಸುಮಾರು ಹತ್ತರಲ್ಲೊಂದು ಪಾಲನ್ನು ಬೇರೆಯವರ ಕೈಯಲ್ಲಿ, ನಿಮ್ಮ ಉತ್ತರ ತೋರಿಸದೆ, ಮತ್ತೆ ವಿಂಗಡಣೆ ಮಾಡಿಸಬೇಕು. ಸಸ್ಯಶಾಸ್ತ್ರ ಓದುತ್ತಿದ್ದ ನನ್ನ ಕೋಣೆಯ ಗೆಳತಿಗೆ ಮೂರು ಸಂಚಿಕೆ ಕೊಟ್ಟೆ. ಎಲ್ಲ ಹೊಂದುತ್ತ ಬಂತು, ಒಂದು ಬಗೆಯ ಸುದ್ದಿಯನ್ನು ಬಿಟ್ಟು. ಸಾಲಬಾಧೆಯಿಂದ ರೈತರೊಬ್ಬರು ಪ್ರಾಣ ಕಳೆದುಕೊಂಡ ಸಿಂಗಲ್ ಕಾಲಂ ಸುದ್ದಿ. ನಾನು ಕೃಷಿ ಎಂದು ಹಾಕಿದ್ದೆ, ಆಕೆ ಅಪರಾಧ ಎಂದು ಹಾಕಿದ್ದಳು. "ಮೂರು ಎಕರೆ ಗೋವಿನಜೋಳ ಒಣಗಿದ್ದು ಇದರಲ್ಲೇ ಇದೆಯಲ್ಲ" ಎಂದೆ. ಆಕೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು: "ಈ ಸಂಬಂಧ ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ." ಪುಟದಲ್ಲೂ ಅದು ಅಪಘಾತ, ಕಳ್ಳತನಗಳ ಸಾಲಿನಲ್ಲೇ ಇತ್ತು.

ಗೈಡ್ ಬಳಿ ಹೋದೆ. ಅವರು ಯಾರು ಸರಿ ಎಂದು ಹೇಳಲಿಲ್ಲ. "ಈ ಸುದ್ದಿ ವರದಿಗಾರರಿಗೆ ಎಲ್ಲಿಂದ ಸಿಕ್ಕಿತು?" ಎಂದು ಕೇಳಿದರು. ಹಿಂದಿರುಗಿ, ಹಾಳೆಯಲ್ಲಿ "ಮೂಲ" ಎಂಬ ಹೊಸ ಅಂಕಣ ಗೆರೆ ಎಳೆದು ಇಪ್ಪತ್ತೆಂಟು ಸಂಚಿಕೆಗಳನ್ನೂ ಮತ್ತೆ ಓದಿದೆ. ಇಂಥ ಸುದ್ದಿಗಳಲ್ಲಿ ಹೆಚ್ಚಿನವು ಠಾಣೆಯಿಂದಲೇ ಬಂದಿದ್ದವು. ಮನೆಯವರ ಮಾತಿಲ್ಲ, ಬೆಳೆಯ ವಿವರ ಒಂದು ಸಾಲು. ಸುದ್ದಿ ಎಲ್ಲಿಂದ ಬರುತ್ತದೋ ಅದರ ರೂಪ ಅಲ್ಲೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ಪ್ರಬಂಧದ ತಿರುಳಾಯಿತು. ಮುಂದೆ ಡೆಸ್ಕಿನಲ್ಲಿ ಇಂಥ ಸುದ್ದಿ ಬಂದಾಗಲೆಲ್ಲ ವರದಿಗಾರರಿಗೆ ಫೋನ್ ಮಾಡಿ "ಮನೆಗೆ ಹೋಗಿದ್ದಿರಾ ಅಣ್ಣ?" ಎಂದು ಕೇಳುವ ಅಭ್ಯಾಸ ಬಂದದ್ದೂ ಇದರಿಂದಲೇ. ಇಬ್ಬರ ವಿಂಗಡಣೆ ಹೊಂದದಿದ್ದರೆ ಅದನ್ನು ಮುಚ್ಚಿಟ್ಟು ಅಂಕಿ ತಿದ್ದಬೇಡಿ. ಅಲ್ಲಿ ನಿಂತು ನೋಡಿ.

ಪತ್ರಿಕೆಯ ಬದಲು ಜನರನ್ನು ಮಾತನಾಡಿಸುವ ಅಧ್ಯಯನವಾದರೆ ಪ್ರಶ್ನಾವಳಿಯನ್ನು ಕನ್ನಡದಲ್ಲೇ ಯೋಚಿಸಿ ಬರೆಯಿರಿ. ಪಿಎಚ್.ಡಿ. ಕ್ಷೇತ್ರಕಾರ್ಯದಲ್ಲಿ ನನ್ನ ಮೊದಲ ಪ್ರಶ್ನೆ ಇಂಗ್ಲಿಷಿನಿಂದ ಇಳಿಸಿದ್ದು: "ನೀವು ದಿನಕ್ಕೆ ಎಷ್ಟು ಹೊತ್ತು ಮಾಧ್ಯಮ ಬಳಸುತ್ತೀರಿ?" ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ತಾಯಿಯೊಬ್ಬರು ಸ್ವಲ್ಪ ಯೋಚಿಸಿ ಉತ್ತರಿಸಿದರು: "ಮಗಳು ಕನ್ನಡ ಮಾಧ್ಯಮ, ಮಗ ಇಂಗ್ಲಿಷ್ ಮಾಧ್ಯಮ." ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಊರಿನಲ್ಲಿ ಆ ಪದದ ಅರ್ಥ ಅದೇ. ಅವತ್ತೇ ಪ್ರಶ್ನಾವಳಿಯನ್ನು ಮುರಿದು ಕಟ್ಟಿದೆ. "ನಿನ್ನೆ ರಾತ್ರಿ ಊಟವಾದ ಮೇಲೆ ಏನು ನೋಡಿದಿರಿ? ಯಾರ ಮೊಬೈಲಿನಲ್ಲಿ?" ಜನರಿಗೆ ನಿನ್ನೆಯದು ನೆನಪಿರುತ್ತದೆ, "ಸಾಮಾನ್ಯವಾಗಿ" ಎಂದರೆ ಊಹಿಸಿ ಹೇಳುತ್ತಾರೆ. ಯಾರ ಮೊಬೈಲು ಎಂಬುದೂ ಮುಖ್ಯ. ಮಗ ಮಲಗಿದ ಮೇಲೆ ಸಿಗುವ ಫೋನು ಬೇರೆ, ಸ್ವಂತದ ಫೋನು ಬೇರೆ. ಕನಿಷ್ಠ ಹತ್ತು ಜನರ ಬಳಿ ಪ್ರಶ್ನಾವಳಿಯನ್ನು ಪರೀಕ್ಷಿಸಿ ನೋಡದೆ ಮುದ್ರಿಸಬೇಡಿ.

ಹಳ್ಳಿಗೆ ಹೋಗುವ ಮುನ್ನ "ಸೈಟ್" (SITE) ಎಂಬ ಟಿ.ವಿ. ಪ್ರಯೋಗದ ಬಗ್ಗೆ ಓದಿಕೊಳ್ಳಿ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿಸಿದ ಪ್ರಯೋಗ ಅದು. ನಮ್ಮ ಕಲಬುರಗಿ, ವಿಜಯಪುರ, ರಾಯಚೂರು ಭಾಗದ ಹಳ್ಳಿಗಳೂ ಅದರಲ್ಲಿದ್ದವು. ಪರಿಣಾಮ ತಿಳಿಯಲು ಸಂಶೋಧಕರು ಕೆಲವು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ವಾಸವಿದ್ದರು. ಆಗ ಟಿ.ವಿ. ನೋಡಿದ ಮಕ್ಕಳು ಈಗ ಅರವತ್ತರ ಆಸುಪಾಸಿನವರು. ಆ ಭಾಗದ ವಿದ್ಯಾರ್ಥಿ ಯಾರಾದರೂ ಅವರ ನೆನಪುಗಳನ್ನು ದಾಖಲಿಸಿದರೆ ಒಳ್ಳೆಯ ಪ್ರಬಂಧವಾಗುತ್ತದೆ, ತಡಮಾಡುವಂತಿಲ್ಲ.

ಮುಂದೆ ಓದುವುದಾದರೆ

ಕಾಲೇಜಿನಲ್ಲಿ ಪಾಠ ಮಾಡಬೇಕೆಂದಿದ್ದರೆ ಅಧ್ಯಾಪಕರ ಅರ್ಹತಾ ಪರೀಕ್ಷೆಯನ್ನು, ಅಂದರೆ ದೇಶಮಟ್ಟದ ನೆಟ್ ಅಥವಾ ರಾಜ್ಯಮಟ್ಟದ ಕೆಸೆಟ್ ಬರೆಯಲೇಬೇಕು. ಕೆಸೆಟ್ ಅನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ನೆಟ್‌ನಲ್ಲಿ ನಮ್ಮ ವಿಷಯದ ಸಂಕೇತ ಸಂಖ್ಯೆ 63. ಮೊದಲ ಪತ್ರಿಕೆ 50 ಪ್ರಶ್ನೆ, 100 ಅಂಕ. ಎರಡನೆಯದು 100 ಪ್ರಶ್ನೆ, 200 ಅಂಕ. ಒಟ್ಟು ಮೂರು ಗಂಟೆ, ತಪ್ಪಿಗೆ ಅಂಕ ಕಡಿತವಿಲ್ಲ. ಆದ್ದರಿಂದ ಒಂದು ಪ್ರಶ್ನೆಯನ್ನೂ ಬಿಡಬೇಡಿ. ನಮ್ಮವರು ಸೋಲುವುದು ಸಾಮಾನ್ಯವಾಗಿ ಮೊದಲ ಪತ್ರಿಕೆಯ ತರ್ಕ, ದತ್ತಾಂಶದ ಪ್ರಶ್ನೆಗಳಲ್ಲಿ. ಎಂ.ಎ. ಎರಡನೆಯ ವರ್ಷದಲ್ಲೇ ದಿನಕ್ಕೆ ಅರ್ಧ ಗಂಟೆ ಅದಕ್ಕೆ ಮೀಸಲಿಡಿ. ಜೆಆರ್‌ಎಫ್ ಎಂಬ ಸಂಶೋಧನಾ ವಿದ್ಯಾರ್ಥಿವೇತನ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಮನೆಯಿಂದ ಹಣ ತರಿಸಿಕೊಳ್ಳಲಾಗದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, "ಓದಿದ್ದು ಸಾಕು" ಎನ್ನುವ ಬಂಧುಗಳ ಮುಂದೆ ಇದು ದೊಡ್ಡ ಬಲ. 2024ರಿಂದ ನೆಟ್ ಅಂಕಗಳನ್ನೇ ಪಿಎಚ್.ಡಿ. ಪ್ರವೇಶಕ್ಕೂ ಪರಿಗಣಿಸುವ ವ್ಯವಸ್ಥೆ ಬಂದಿದೆ.

ಪಿಎಚ್.ಡಿ.ಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮದಂತೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಇಷ್ಟು ದೀರ್ಘ ಕಾಲ ಒಬ್ಬರ ಕೈಕೆಳಗೆ ಇರಬೇಕಾದ್ದರಿಂದ ವಿಷಯಕ್ಕಿಂತ ಮೊದಲು ಗೈಡ್ ಯಾರು ಎಂಬುದನ್ನು ನೋಡಿ. ಶೋಧಗಂಗಾ ಜಾಲತಾಣದಲ್ಲಿ ಅವರ ಹೆಸರು ಹಾಕಿ ಹುಡುಕಿದರೆ ಅವರ ಮಾರ್ಗದರ್ಶನದಲ್ಲಿ ಸಲ್ಲಿಕೆಯಾದ ಪ್ರಬಂಧಗಳು ಉಚಿತವಾಗಿ ಓದಲು ಸಿಗುತ್ತವೆ. ಎರಡನ್ನಾದರೂ ಪೂರ್ತಿ ಓದಿ. ಎರಡರಲ್ಲೂ ಒಂದೇ ಪ್ರಶ್ನಾವಳಿ, ಒಂದೇ ಬಗೆಯ ಅಧ್ಯಾಯಗಳಿದ್ದು ಜಿಲ್ಲೆಯ ಹೆಸರು ಮಾತ್ರ ಬೇರೆಯಾಗಿದ್ದರೆ ಇನ್ನೊಬ್ಬರನ್ನು ಹುಡುಕಿ. ಆಮೇಲೆ ವಿಭಾಗಕ್ಕೆ ಹೋಗಿ, ಗೈಡ್ ಇಲ್ಲದ ಹೊತ್ತಿನಲ್ಲಿ ಅವರ ವಿದ್ಯಾರ್ಥಿಗಳ ಜೊತೆ ಚಹಾ ಕುಡಿಯಿರಿ. ಕೊಟ್ಟ ಅಧ್ಯಾಯವನ್ನು ಎಷ್ಟು ದಿನದಲ್ಲಿ ಓದಿ ಹಿಂದಿರುಗಿಸುತ್ತಾರೆ, ಅಂಚಿನಲ್ಲಿ ಏನಾದರೂ ಬರೆದಿರುತ್ತಾರೆಯೇ ಎಂದು ಕೇಳಿ. ತಿದ್ದಿದ ಒಂದು ಪುಟವನ್ನು ತೋರಿಸಲು ಕೇಳಿಕೊಳ್ಳಿ. ಅಂಚು ತುಂಬ ಪೆನ್ಸಿಲ್ ಗುರುತುಗಳಿದ್ದರೆ ಅದೇ ದಿನ ಅವರಿಗಾಗಿ ಕಾದು ಕುಳಿತು ಮಾತನಾಡಿಸಿಯೇ ಬನ್ನಿ.